ವಿದಿಕೋಟ್ ಗೇಟಿನ ಕೆಳಗಿನ ದ್ವೀಪ

ವಿದಿಕೋಟ್, ಥೇಮ್ಸ್ ನದಿ
ಮೇ 11, 1936

ಪ್ರೀತಿಯ ಹೆಸ್ಟರ್ ಅಕ್ಕನಿಗೆ,

ನಾನು ಬದುಕಿದ್ದೇನೆ, ಕ್ಷೇಮವಾಗಿದ್ದೇನೆ. ನಿನಗೂ ಹೇಳದೆ ಮನೆ ಬಿಟ್ಟು ಬಂದದ್ದಕ್ಕೆ ಬೈಯಬೇಡ. ಹೇಳಿದ್ದರೆ ನೀನು ಅಳುತ್ತಿದ್ದೆ, ನೀನು ಅತ್ತಿದ್ದರೆ ನಾನು ಹೊರಡುತ್ತಲೇ ಇರಲಿಲ್ಲ.

ಇಲ್ಲಿ ನದಿಗೆ ಅಡ್ಡಲಾಗಿ ಒಂದು ಕಟ್ಟೆ ಇದೆ. ಅದರ ಪಕ್ಕಕ್ಕೆ ದೋಣಿಗಳನ್ನು ಏರಿಸಿ ಇಳಿಸುವ ಲಾಕ್ ಗೇಟು: ಎರಡು ತುದಿಗೂ ಬಾಗಿಲಿರುವ ಆಳವಾದ ಕಲ್ಲಿನ ತೊಟ್ಟಿ, ದೋಣಿಯನ್ನು ಒಳಗೆ ನಿಲ್ಲಿಸಿ ನೀರು ಏರಿಸುತ್ತಾರೆ, ಇಳಿಸುತ್ತಾರೆ. ಗೇಟಿನ ಕೆಳಗೆ ನೀರು ಎರಡು ಪಾಲಾಗಿ ಹರಿದು ನಡುವೆ ಒಂದು ಸಣ್ಣ ದ್ವೀಪ ಉಳಿದಿದೆ, ವಿಲೋ ಮರಗಳೇ ತುಂಬಿವೆ. ಅದರ ತುದಿಯ ಮರದ ಮನೆಯಲ್ಲಿ ನಾನಿದ್ದೇನೆ. ದಡಕ್ಕೆ ಹೋಗಲು ಒಂದೇ ಒಂದು ಹಲಗೆಯ ಸೇತುವೆ. ನಮ್ಮೂರ ಹಂಬರ್ ನದಿಯ ದಡದಲ್ಲಿ ಪಾದ ನೆನೆಸಲೂ ಕಿರುಚುತ್ತಿದ್ದವಳು ಈಗ ಸುತ್ತ ನೀರಿಟ್ಟುಕೊಂಡು ಮಲಗುತ್ತೇನೆ, ನೋಡು!

ಗೇಟು ನೋಡಿಕೊಳ್ಳುವವರು ಟಕ್‌ವೆಲ್ ಎಂಬ ವಯಸ್ಸಾದವರು. ಅವರ ಹೆಂಡತಿ ದೋಣಿಯವರಿಗೆ ಟೀ, ಕೇಕು ಮಾರುತ್ತಾರೆ. ಅವರ ಹಿಂದಿನ ಅಡುಗೆಮನೆಯಲ್ಲೂ ಹೂದೋಟದಲ್ಲೂ ನನಗೆ ಕೆಲಸ. ನದಿಯ ಗೇಟುಮನೆಗಳಲ್ಲಿ ಯಾರ ತೋಟ ಚೆಂದವೋ ಅವರಿಗೆ ವರ್ಷಕ್ಕೊಮ್ಮೆ ಬಹುಮಾನವಿದೆಯಂತೆ. ಹೋದ ವರ್ಷ ಇವರಿಗೇ ಬಂದಿತ್ತು. ಈ ವರ್ಷ ಬಾರದಿದ್ದರೆ ನನ್ನಿಂದಲೇ ಎಂದು ಮಿಸೆಸ್ ಟಕ್‌ವೆಲ್ ಈಗಲೇ ಹೇಳಿಟ್ಟಿದ್ದಾರೆ.

ಲಕೋಟೆಯ ಮೇಲೆ 'ಮಿಸೆಸ್ ಡನ್' ಎಂದು ಬರೆ. ಇಲ್ಲಿ ನನ್ನ ಹೆಸರು ಅದೇ. ಲೆನರ್ಡ್ ಬಂದು ಕೇಳಿದರೆ ಗೊತ್ತಿಲ್ಲ ಎನ್ನು. ಏನಾಯಿತೆಂದು ನೀನೂ ಕೇಳಬೇಡ. ಗಂಡ ಹೆಂಡಿರಿಗೆ ಹೊಂದಿಕೆಯಾಗಲಿಲ್ಲ, ಅಷ್ಟೇ.

ನಿನ್ನ ತಂಗಿ,
ಎನಿಡ್

*

ಗ್ರಿಮ್ಸ್‌ಬಿ
ಮೇ 20, 1936

ನನ್ನ ಎನಿಡ್‌ಗೆ,

ನಿನ್ನ ಪತ್ರ ಬಂದಾಗ ಒಲೆಯ ಮುಂದೆ ಕುಳಿತು ಅತ್ತೆ. ಆಮೇಲೆ ನಿನ್ನನ್ನು ಬೈದೆ. ಆಮೇಲೆ ಮೀನು ಸೀದುಹೋಯಿತೆಂದು ವಾಲ್ಟರ್ ನನ್ನನ್ನು ಬೈದ.

ಲೆನರ್ಡ್ ಬಂದಿದ್ದ. ನಿನಗೆ ಹೇಳದೆ ಇರಲಾರೆ. ನಮ್ಮ ಅಡುಗೆಮನೆಯಲ್ಲಿ ಟೋಪಿಯನ್ನು ಮೊಣಕಾಲ ಮೇಲೆ ಇಟ್ಟುಕೊಂಡು ಮಕ್ಕಳ ಹಾಗೆ ಅತ್ತ. ಚಾಪೆಲ್‌ನ ಪ್ರಾರ್ಥನೆಯಲ್ಲಿ ಅಷ್ಟು ಗಂಭೀರವಾಗಿ ಹಾಡುವ ಮನುಷ್ಯನಾ ಇವನು ಅನ್ನಿಸಿತು. "ಹೆಸ್ಟರ್, ಅವಳು ಬದುಕಿದಾಳಾ ಅಂತ ಮಾತ್ರ ಹೇಳಿ. ಎಲ್ಲಿದ್ದಾಳೆ ಅಂತ ನಾನು ಕೇಳೋದೇ ಇಲ್ಲ" ಅಂದ. ನಾನು ಹೌದೆಂದು ತಲೆಯಾಡಿಸಿದೆ. ಅಷ್ಟೇ, ಬೇರೆ ಒಂದು ಮಾತೂ ಆಡಲಿಲ್ಲ. ಹೋಗುವ ಮುಂಚೆ ನನ್ನ ಬಟ್ಟೆ ಹಿಂಡುವ ಯಂತ್ರದ ಹಿಡಿಕೆ ಸರಿಮಾಡಿಕೊಟ್ಟು ಹೋದ. ವಾಲ್ಟರ್ ಕೈಯಲ್ಲಿ ಒಂದು ವರ್ಷದಿಂದ ಆಗದ ಕೆಲಸ!

ಏನೇ ಆಗಲಿ, ನೀನು ಕ್ಷೇಮವಾಗಿರು. ಹೊಟ್ಟೆತುಂಬ ತಿನ್ನು.

ಹೆಸ್ಟರ್

*

ವಿದಿಕೋಟ್
ಜೂನ್ 2, 1936

ಅಕ್ಕಾ,

ಅವನನ್ನು ಯಾಕೆ ಒಳಗೆ ಬಿಟ್ಟೆ? ತಲೆಯಾಡಿಸಿದ್ದೂ ತಪ್ಪು. ನನ್ನಿಂದ ನಿನಗೆ ಪತ್ರ ಬರುತ್ತದೆ ಎಂದು ಅವನಿಗೆ ಈಗ ಗೊತ್ತಾಯಿತು. ನನ್ನ ಪತ್ರಗಳನ್ನು ಓದಿ ಸುಟ್ಟುಬಿಡು. ಮತ್ತೆ ಬಂದರೆ ಬಾಗಿಲು ತೆಗೆಯಬೇಡ.

ನಿನಗೆ ಇದು ಅತಿಯೆನಿಸಬಹುದು. ಈ ಪತ್ರ ಬರೆಯುವಾಗ ನಾಲ್ಕು ಸಲ ಎದ್ದು ಕಿಟಕಿಗೆ ಹೋಗಿ ಬಂದೆ. ದೋಣಿಯವರು ಗೇಟು ತೆಗೆಯಿರಿ ಎಂದು ಕೂಗುವುದು ಇಲ್ಲಿ ದಿನದ ಮಾತು, ಆದರೂ ಪ್ರತಿ ಗಂಡಸಿನ ಕೂಗಿಗೂ ನನ್ನ ಕೈಯಲ್ಲಿರುವುದು ಕೆಳಗೆ ಬೀಳುತ್ತದೆ. ಮಿಸೆಸ್ ಟಕ್‌ವೆಲ್ ಈಗ ನನಗೆ ಪಿಂಗಾಣಿ ಕೊಡುವುದನ್ನೇ ನಿಲ್ಲಿಸಿ ತಗಡಿನ ಲೋಟ ಕೊಡುತ್ತಾರೆ. ನಿನ್ನೆ ಕೇಳಿದರು: "ಯಾರಿಗಮ್ಮ ಇಷ್ಟು ಹೆದರ್ತೀಯ? ಸತ್ತೋರಿಗೋ, ಇದ್ದೋರಿಗೋ?" "ಇದ್ದೋರಿಗೆ" ಅಂದೆ. ಅವರು ನನ್ನ ತೋಳನ್ನು ಒಮ್ಮೆ ನೋಡಿದರು. ನಾನು ಅಂಗಿಯ ತೋಳು ಇಳಿಸಿಕೊಂಡೆ.

ಡೇಲಿಯಾ ಗಿಡಗಳು ಚಿಗುರಿವೆ.

ಎನಿಡ್

*

ಗ್ರಿಮ್ಸ್‌ಬಿ
ಜೂನ್ 19, 1936

ಪ್ರೀತಿಯ ಎನಿಡ್,

ನಿನ್ನ ಪತ್ರ ಓದಿ ನನಗೆ ಬೇಜಾರಾಯಿತು. ಮನೆಗೆ ಬಂದವನನ್ನು ಬಾಗಿಲಲ್ಲಿ ನಿಲ್ಲಿಸಲು ಆಗುತ್ತದೆಯೇ? ಲೆನರ್ಡ್ ಈಗ ಭಾನುವಾರ ಭಾನುವಾರ ಊಟಕ್ಕೆ ಬರುತ್ತಾನೆ. ಮಕ್ಕಳಿಗೆ ಹಾಡು ಹೇಳಿಕೊಡುತ್ತಾನೆ. ನಮ್ಮತ್ತೆ, ಯಾರನ್ನೂ ಮೆಚ್ಚದವರು, "ಇಂಥ ಗಂಡನ್ನ ಬಿಟ್ಟು ಓಡೋಳು ಇನ್ನೇನು ಹುಡುಕ್ತಾ ಇದಾಳೋ" ಅಂದರು. ನಾನು ನಿನ್ನ ಪರವಾಗಿಯೇ ಜಗಳವಾಡಿದೆ. ಆದರೆ ಏನು ಹೇಳಿ ಜಗಳವಾಡಲಿ ಹೇಳು? ನೀನು ನನಗೇನಾದರೂ ಹೇಳಿದ್ದರೆ ತಾನೆ?

ಗಂಡಸರಿಗೆ ಕೋಪ ಬರುತ್ತದೆ. ವಾಲ್ಟರ್ ಒಮ್ಮೆ ತಟ್ಟೆ ಎಸೆದಿದ್ದ, ನಾನು ಇನ್ನೊಂದು ತಟ್ಟೆ ಎಸೆದೆ, ಅಲ್ಲಿಗೆ ಮುಗಿಯಿತು. ಹೋದ ಚಳಿಗಾಲದಲ್ಲಿ ಮಗು ಹೋದ ಮೇಲೆ ನಿನ್ನ ಮನಸ್ಸು ಕುಗ್ಗಿದೆ ಎಂದು ಲೆನರ್ಡ್ ಹೇಳುತ್ತಾನೆ. ನನಗೂ ಹಾಗೇ ಅನ್ನಿಸುತ್ತದೆ. ಅವನಿಗೆ ಒಂದೇ ಒಂದು ಸಾಲು ಬರೆ.

ಅವನು ಏನನ್ನೂ ಕೆದಕುವುದಿಲ್ಲ. ಒಂದು ಸಲ ಮಾತ್ರ ಕೇಳಿದ: "ಇರೋ ಜಾಗದ ಹತ್ರ ನೀರು ಗೀರು ಇಲ್ಲ ತಾನೆ? ಅವಳಿಗೆ ನೀರು ಅಂದ್ರೆ ಭಯ." ಎಷ್ಟು ಕಾಳಜಿ ನೋಡು.

ಹೆಸ್ಟರ್

*

ವಿದಿಕೋಟ್
ಜುಲೈ 14, 1936

ಅಕ್ಕಾ,

ನಿನ್ನ ಪತ್ರಕ್ಕೆ ಇಷ್ಟು ದಿನ ಉತ್ತರ ಬರೆಯಲಿಲ್ಲ. ಕೋಪವಿತ್ತು. ಈಗ ಕೋಪಕ್ಕೆ ಸಮಯವಿಲ್ಲ.

ಈ ನದಿಯ ಗೇಟುಮನೆಗಳಿಗೆಲ್ಲ ಟೆಲಿಫೋನಿದೆ. ನಿನ್ನೆ ಮಧ್ಯಾಹ್ನ ಮಿಸ್ಟರ್ ಟಕ್‌ವೆಲ್ ಫೋನು ಇಟ್ಟು ಅಡುಗೆಮನೆಗೆ ಬಂದು ನಗುತ್ತಾ ಹೇಳಿದರು: "ಮೇಲ್ಗಡೆ ಒಬ್ಬ ದೊಡ್ಡ ಮನುಷ್ಯ ಲೆಚ್‌ಲೇಡ್‌ನಲ್ಲಿ ದೋಣಿ ಬಾಡಿಗೆಗೆ ತಗೊಂಡು ಒಂದೊಂದೇ ಗೇಟು ಇಳ್ಕೊಂಡು ಬರ್ತಿದಾನಂತೆ. ಎಲ್ಲಾ ಕಡೆ ಹೆಂಡತಿ ಫೋಟೋ ತೋರಿಸ್ತಾನಂತೆ. ಪಾಪ, ಅವಳಿಗೆ ತಲೆ ಸರಿಯಿಲ್ವಂತೆ. ಒಳ್ಳೆ ದನಿ ಅಂತೆ, ದೋಣೀಲಿ ಹಾಡ್ಕೋತಾನೇ ಬರ್ತಾನಂತೆ."

ನಾನು ಹಿಡಿದದ್ದು ತಗಡಿನ ಲೋಟವಾಗಿದ್ದರಿಂದ ಒಡೆಯಲಿಲ್ಲ.

ನೀನು ಅವನಿಗೆ ಏನು ಹೇಳಿದೆ ಅಕ್ಕಾ? ಏನಾದರೂ ಹೇಳಿದ್ದರೆ ಬರೆ. ಬೈಯುವುದಿಲ್ಲ. ಎಷ್ಟು ಗೊತ್ತಿದೆ ಎಂದು ತಿಳಿದರೆ ಏನು ಮಾಡಬೇಕೆಂದು ಯೋಚಿಸಬಹುದು.

ನಿನಗೆ ಹೇಳದ ಮಾತು ಈಗ ಹೇಳುತ್ತೇನೆ. ಒಂದೇ ಉಸಿರಿಗೆ ಬರೆದುಬಿಡುತ್ತೇನೆ, ನಿಲ್ಲಿಸಿದರೆ ಮತ್ತೆ ಬರೆಯಲಾರೆ. ಡಿಸೆಂಬರಿನಲ್ಲಿ ನಾನು ಮಂಜಿನಲ್ಲಿ ಜಾರಿ ಬೀಳಲಿಲ್ಲ. ಅವನು ಮೆಟ್ಟಿಲ ಮೇಲಿಂದ ತಳ್ಳಿದ. ಹೊಟ್ಟೆಯಲ್ಲಿದ್ದ ಮಗು ಹೋದದ್ದು ಹಾಗೆ. ನೀನು ನೋಡಲು ಬಂದಾಗ ಅವನು ನನ್ನ ಹಾಸಿಗೆಯ ಪಕ್ಕದಲ್ಲೇ ಕುಳಿತಿದ್ದನಲ್ಲ, ನನ್ನ ಕೈ ಹಿಡಿದುಕೊಂಡು? ಆ ಹಿಡಿತಕ್ಕೆ ನನ್ನ ಬೆರಳು ನೀಲಿಯಾಗಿತ್ತು. ನಾನು ಹೊದಿಕೆ ಮೇಲೆಳೆದುಕೊಂಡೆ, ನೀನು ಚಳಿಗೆ ಅಂದುಕೊಂಡೆ.

ಅವನಿಗೆ ಕೋಪ ಬರುವುದಿಲ್ಲ ಅಕ್ಕಾ. ಅದೇ ಭಯ. ಅವನು ಎಂದೂ ತಟ್ಟೆ ಎಸೆದವನಲ್ಲ, ದನಿ ಎತ್ತಿದವನಲ್ಲ. ಮೊದಲು ಕೋಟು ಬಿಚ್ಚುತ್ತಾನೆ. ನೆರಿಗೆ ಬೀಳದ ಹಾಗೆ ಮಡಚಿ ಕುರ್ಚಿಯ ಮೇಲೆ ಇಡುತ್ತಾನೆ. ಆಮೇಲೆ ನನ್ನ ಕಡೆ ತಿರುಗುತ್ತಾನೆ.

ಎನಿಡ್

*

ಗ್ರಿಮ್ಸ್‌ಬಿ
ಜುಲೈ 15, 1936, ಬೆಳಿಗ್ಗೆ

ನನ್ನ ಮುದ್ದಿನ ತಂಗಿಗೆ,

ಇಷ್ಟು ದಿನವಾದರೂ ನಿನ್ನಿಂದ ಒಂದು ಸಾಲಿಲ್ಲ! ಮುನಿಸೇ? ಇರಲಿ, ಈ ಪತ್ರ ಓದಿದರೆ ಮುನಿಸು ಇಳಿಯುತ್ತದೆ. ಅಥವಾ ಇದು ತಲುಪುವ ಮುಂಚೆಯೇ ನೀನು ನಗುತ್ತಿರುತ್ತೀಯೋ ಏನೋ.

ಲೆನರ್ಡ್ ರಜೆ ಹಾಕಿ ದಕ್ಷಿಣಕ್ಕೆ ಬಂದಿದ್ದಾನೆ. ಹೌದು, ನಾನೇ ಹೇಳಿದೆ. ಎಲ್ಲ ಹೇಳಲಿಲ್ಲ, ನಿನಗೆ ಕೊಟ್ಟ ಮಾತು ಮುರಿಯಲಿಲ್ಲ. ಊರಿನ ಹೆಸರು ಬಾಯಿ ಬಿಟ್ಟಿಲ್ಲ. ಥೇಮ್ಸ್ ನದಿಯ ಮೇಲ್ಭಾಗ, ಒಂದು ದ್ವೀಪ, ಗೇಟಿನ ಪಕ್ಕ, ಹೂದೋಟಕ್ಕೆ ಬಹುಮಾನ ಬಂದ ಗೇಟುಮನೆ, ಇಷ್ಟೇ. ಅವನು ನನ್ನ ಎರಡೂ ಕೈಗಳಿಗೆ ಮುತ್ತಿಟ್ಟು ಹೋದ. ಹೋಗುವಾಗ ಹೇಳಿದ: "ನಾನೇ ಹುಡುಕ್ಕೊಂಡು ಹೋದ್ರೆ ಅವಳಿಗೆ ಗೊತ್ತಾಗುತ್ತೆ ಹೆಸ್ಟರ್, ನನಗೆ ಅವಳು ಎಷ್ಟು ಬೇಕು ಅಂತ."

ಒಂದು ಸಲ ಅವನ ಮುಖ ನೋಡು. ಆಮೇಲೂ ಬೇಡವೆನಿಸಿದರೆ ಬೇಡ ಎಂದು ಹೇಳು. ಅವನು ಕೇಳುವಂಥವನು.

ನಿನ್ನ ಒಳ್ಳೆಯದನ್ನೇ ಬಯಸುವ
ಹೆಸ್ಟರ್

*

ತಂತಿ
ಗ್ರಿಮ್ಸ್‌ಬಿ, ಜುಲೈ 16, 1936

ಪತ್ರ ಓದಿದೆ. ನಾನೇ ಹೇಳಿದ್ದು. ಅಲ್ಲಿಂದ ಹೊರಡು. ಈಗಲೇ ಹೊರಡು. ಹೆಸ್ಟರ್.

*

ಗ್ರಿಮ್ಸ್‌ಬಿ
ಜುಲೈ 18, 1936

ಎನಿಡ್,

ತಂತಿ ಸಿಕ್ಕಿತೇ? ಹೊರಟೆಯಾ? ಎಲ್ಲಿದ್ದೀಯ? ಯಾರ ಕೈಯಲ್ಲಾದರೂ ಒಂದು ಮಾತು ಬರೆಸಿ ಹಾಕು.

ಆ ದಿನದ್ದೇ ಕಣ್ಣ ಮುಂದೆ ಬರುತ್ತಿದೆ. ಹಾಸಿಗೆ, ಹೊದಿಕೆ, ಅವನ ಕೈಯೊಳಗೆ ನಿನ್ನ ಕೈ. ನಾನು ಅವನಿಗೆ ಟೀ ಮಾಡಿಕೊಟ್ಟೆ ಎನಿಡ್. ನೀನು ಪುಣ್ಯವಂತೆ, ಇಂಥ ಗಂಡ ಸಿಕ್ಕಿದ್ದಾನೆ ಎಂದು ಅವನ ಎದುರಿಗೇ ಹೇಳಿದೆ. ನೀನು ಗೋಡೆ ನೋಡಿದೆ.

ಹೆಸ್ಟರ್

*

ಗ್ರಿಮ್ಸ್‌ಬಿ
ಜುಲೈ 21, 1936

ಎನಿಡ್,

ಟಪಾಲಿನವನು ಇವತ್ತೂ ಬಾಗಿಲು ದಾಟಿ ಹೋದ. ಅವನ ಹಿಂದೆ ಓಡಿ ಚೀಲ ತೋರಿಸು ಎಂದು ಜಗಳವಾಡಿದೆ. ಬೀದಿಯವರೆಲ್ಲ ನೋಡಿದರು. ಬೈದಾದರೂ ಬರೆ. ಶಾಪ ಹಾಕಿಯಾದರೂ ಬರೆ.

ಹೆಸ್ಟರ್

*

ವಿದಿಕೋಟ್
ಜುಲೈ 23, 1936

ಅಕ್ಕಾ,

ಬದುಕಿದ್ದೇನೆ. ಮೂರು ದಿನ ಪೆನ್ನು ಹಿಡಿಯಲು ಆಗಲಿಲ್ಲ.

ತಂತಿ ಬಂದ ದಿನವೇ ಪೆಟ್ಟಿಗೆ ಕಟ್ಟಿದೆ. ಮಿಸೆಸ್ ಟಕ್‌ವೆಲ್ ಪೆಟ್ಟಿಗೆಯ ಮೇಲೆ ಕುಳಿತುಬಿಟ್ಟರು. "ಎಲ್ಲಿಗೆ ಹೋಗ್ತೀಯ? ಸ್ಟೇಷನ್‌ನಲ್ಲಿ ಅವನೇ ನಿಂತಿದ್ರೆ? ಅಲ್ಲಿ ನಿನ್ನ ಕಡೆ ಯಾರಿದಾರೆ? ಇಲ್ಲಿ ನಾನಾದ್ರೂ ಇದೀನಿ." ಅವರಿಗೆ ಎಲ್ಲ ಹೇಳಿದೆ. ಅವರ ಯಜಮಾನರಿಗೂ ಹೇಳಿದೆ. ಮುದುಕರು ಪೈಪು ಕೈಯಲ್ಲಿ ತಿರುಗಿಸುತ್ತ ಕುಳಿತರು. "ನದಿ ಎಲ್ಲರದೂ ಕಣಮ್ಮ. ಬಂದ ದೋಣೀನ ನಿಲ್ಲಿಸೋ ಅಧಿಕಾರ ನಂಗಿಲ್ಲ. ಅದೂ ಅಲ್ದೆ, ಗಂಡ ಅಲ್ವೇನಮ್ಮ ಅವನು?" ಅಂದರು. "ಗಂಡ ಅಂತೆ ಗಂಡ! ನೀನೂ ಗಂಡನೇ, ನಿನ್ನ ನಾನು ಇಷ್ಟು ವರ್ಷ ಸಹಿಸ್ಕೊಂಡಿಲ್ವಾ, ಯಾವತ್ತಾದ್ರೂ ದ್ವೀಪಕ್ಕೆ ಓಡ್ಹೋದ್ನಾ?" ಎಂದು ಹೆಂಡತಿ ಎಗರಿಬಿದ್ದರು. ಆದರೂ ಮುದುಕರ ಮುಖದಲ್ಲಿ ಅನುಮಾನವಿತ್ತು. ಮೇಲಿನ ಗೇಟುಗಳವರೆಲ್ಲ ಫೋನಿನಲ್ಲಿ ಅವನನ್ನು ಹೊಗಳಿದ್ದೇ ಹೊಗಳಿದ್ದು.

ಶನಿವಾರ ಅವನು ಡನ್ಸ್‌ಬ್ರಿಜ್ ಗೇಟು ದಾಟಿದ ಎಂದು ಫೋನು ಬಂತು. ಭಾನುವಾರ ಬೆಳಿಗ್ಗೆ ಸ್ಟೋನಿಫರ್ಡ್. ಅದಾದ ಮೇಲೆ ನಮ್ಮದೇ.

ಮಧ್ಯಾಹ್ನ ನಾನು ಹಿಂದಿನ ಅಡುಗೆಮನೆಯಲ್ಲಿ ಸೌತೆಕಾಯಿ ಹೆಚ್ಚುತ್ತಿದ್ದೆ. ಮೊದಲು ಹಾಡು ಕೇಳಿಸಿತು. ನೀನು ಭಾನುವಾರ ಭಾನುವಾರ ಕೇಳಿದ್ದೀಯಲ್ಲ, ಅದೇ ದನಿ, ನೀರಿನ ಮೇಲೆ ತೇಲಿಕೊಂಡು ಬಂತು.  ಕಿಟಕಿಯ ಪರದೆಯ ಸಂದಿಯಿಂದ ನೋಡಿದೆ. ದೋಣಿ ಗೇಟಿನೊಳಗೆ ಬಂತು, ಹಿಂದಿನ ಬಾಗಿಲು ಮುಚ್ಚಿತು, ನೀರು ಇಳಿಯತೊಡಗಿತು. ಅವನು ದೋಣಿಯಲ್ಲಿ ನಿಂತು ಟೋಪಿ ತೆಗೆದು ದಡದವರಿಗೆಲ್ಲ ವಂದಿಸಿದ. "ಎಂಥ ಡೇಲಿಯಾ! ಬಹುಮಾನ ನಿಮಗಲ್ಲದೆ ಇನ್ಯಾರಿಗೆ?" ಅಂದ. ದಡದಲ್ಲಿ ಟೀ ಕುಡಿಯುತ್ತಿದ್ದ ಆಕ್ಸ್‌ಫರ್ಡಿನ ಇಬ್ಬರು ಹೆಂಗಸರು, ಸೈಕಲ್ಲಿನ ಹುಡುಗರು, ಹೆಂಡದಂಗಡಿಯ ಮಿಸ್ಟರ್ ಪ್ರೌಟ್, ಎಲ್ಲರೂ ಬಗ್ಗಿ ನೋಡಿದರು. ಫೋಟೋ ಕೈಯಿಂದ ಕೈಗೆ ಹೋಯಿತು. "ಅಯ್ಯೋ ಪಾಪ" ಅಂದರು. ಆಮೇಲೆ ಒಬ್ಬ ಹೆಂಗಸು, ಒಳ್ಳೆಯ ಮನಸ್ಸಿನಿಂದಲೇ, "ಒಳಗಡೆ ಟೀ ಮಾಡೋ ಹುಡುಗಿ ಇವಳ ಥರಾನೇ ಇದಾಳಲ್ವಾ?" ಅಂದರು.

ಎಲ್ಲರೂ ಅಡುಗೆಮನೆಯ ಕಡೆ ತಿರುಗಿದರು. ಅವನು ಮಾತ್ರ ತಿರುಗಲಿಲ್ಲ. ಕೋಟು ಬಿಚ್ಚಿದ. ತೋಳುಗಳನ್ನು ಒಳಕ್ಕೆ ಮಡಚಿ, ನೆರಿಗೆ ನೀವಿ, ದೋಣಿಯ ಹಲಗೆಯ ಮೇಲೆ ಇಟ್ಟ.

ಅಕ್ಕಾ, ಅಡುಗೆಮನೆಯ ಹಿಂಬಾಗಿಲು ತೆರೆದೇ ಇತ್ತು. ಓಡಬಹುದಿತ್ತು. ಆದರೆ ಗೇಟುಮನೆಯ ಮುಂಬಾಗಿಲಲ್ಲಿ ಮಿಸೆಸ್ ಟಕ್‌ವೆಲ್ ಸೊಂಟಕ್ಕೆ ಕೈಯಿಟ್ಟು ನಿಂತಿದ್ದರು. ಅವನು ಮೇಲೆ ಬಂದರೆ ಮೊದಲು ಅವರನ್ನೇ ದಾಟಬೇಕು. ಅದು ನೆನಪಾದದ್ದೇ ನಾನು ಹೊರಗೆ ಬಂದೆ. ಮಿಸ್ಟರ್ ಟಕ್‌ವೆಲ್ ಗೇಟಿನ ಕೆಳತುದಿಯ ಬಾಗಿಲು ತೆಗೆಯಲು ಕೈ ಹಾಕಿದ್ದರು. ನಾನು ಅಂದೆ: "ತೆಗೀಬೇಡಿ. ಅವನು ಕೋಟು ಮಡಚಿಟ್ಟ."

ಮುದುಕರು ನನ್ನ ಮುಖ ನೋಡಿದರು. ಏನು ಕಂಡಿತೋ. ಕೈ ತೆಗೆದು, ಗೋಡೆಗೊರಗಿಸಿದ್ದ ದೋಣಿಯ ಕೊಕ್ಕೆಗೋಲು ತೆಗೆದುಕೊಂಡು, ಗೋಡೆಯ ಕಬ್ಬಿಣದ ಏಣಿಯ ತುದಿಯಲ್ಲಿ ಹೋಗಿ ನಿಂತರು. "ಹತ್ತಬೇಡಿ ಸಾರ್. ಮೆಟ್ಲು ಸಡಿಲ ಇದೆ."

"ಪರವಾಗಿಲ್ಲ, ಹುಷಾರಾಗಿ ಹತ್ತುತ್ತೀನಿ."

"ಬೇಡ ಸಾರ್."

"ಹಾಗಾದ್ರೆ ಗೇಟು ತೆಗೀರಿ."

"ಅದೂ ಸ್ವಲ್ಪ ಸಿಕ್ಕಾಕ್ಕೊಂಡಿದೆ ಸಾರ್."

ಎರಡು ಕಡೆ ಮುಚ್ಚಿದ ಬಾಗಿಲು, ಎರಡು ಕಡೆ ಪಾಚಿಗಟ್ಟಿದ ಕಲ್ಲುಗೋಡೆ, ಕೆಳಗೆ ಅವನು. ತಲೆಯೆತ್ತಿ ನನ್ನನ್ನು ನೋಡಿದ. ಮುಖದಲ್ಲಿ ಅದೇ ನಗು. ನನಗೊಬ್ಬಳಿಗೇ ಕೇಳಿಸಲಿ ಎಂದು ಮೆಲ್ಲಗೆ ಹೇಳಿದ, ಮನೆಯಲ್ಲಿ ಹೇಳುವ ಹಾಗೆಯೇ. ಆದರೆ ಆ ಕಲ್ಲಿನ ಗುಂಡಿಯಲ್ಲಿ ಪಿಸುಮಾತೂ ಬಾವಿಯೊಳಗಿನ ಮಾತಿನ ಹಾಗೆ ಮೇಲೇಳುತ್ತದೆ. ಅದು ಅವನಿಗೆ ಗೊತ್ತಿರಲಿಲ್ಲ.

"ಮೆಟ್ಟಿಲಿಂದ ತಳ್ಳಿದ್ದು ಸಾಲಲಿಲ್ವಾ ಎನಿಡ್? ಮಗು ಹೋಯ್ತು, ನಿನಗೆ ಬುದ್ಧಿ ಬರಲಿಲ್ಲ. ಮನೆಗೆ ಹೋಗೋಣ ನಡಿ. ಇಲ್ದಿದ್ರೆ ಇದೇ ನೀರಲ್ಲಿ ನಿನ್ನ ತಲೆ ಅದುಮಿ ಹಿಡೀತೀನಿ, ಗುಳ್ಳೆ ನಿಲ್ಲೋವರೆಗೂ."

 ಫೋಟೋ ಹಿಡಿದಿದ್ದ ಹೆಂಗಸು ಅದನ್ನು ಹುಲ್ಲಿನ ಮೇಲೆ ಹಾಕಿ ಕೈಯನ್ನು ಲಂಗಕ್ಕೆ ಒರೆಸಿಕೊಂಡರು. ಮಿಸ್ಟರ್ ಪ್ರೌಟ್ ಕೆಂಪಗಾಗಿ, "ಏ ಹುಡುಗ್ರಾ, ಪೊಲೀಸಿನವನನ್ನ ಕರ್ಕೊಂಡ್ಬನ್ರೋ" ಎಂದು ಸೈಕಲ್ಲಿನವರನ್ನು ಅಟ್ಟಿದರು. ಲೆನರ್ಡ್ ಮೇಲಿನ ಮುಖಗಳನ್ನು ಒಂದೊಂದಾಗಿ ನೋಡಿದ. ಎಲ್ಲರಿಗೂ ಕೇಳಿಸಿದೆ ಎಂದು ಆಗ ತಿಳಿಯಿತು. ಏಣಿಗೆ ನೆಗೆದ. ಮುದುಕರ ಕೊಕ್ಕೆಗೋಲು ಅವನ ಎದೆಗೆ ತಾಗಿ ನಿಂತಿತು, ಹಿಂದೆ ಸರಿಯಲಿಲ್ಲ. ಅವನು ಮತ್ತೆ ದೋಣಿಗೆ ಬಿದ್ದ.

ಪೊಲೀಸಿನವರು ಬಂದು "ಗಂಡ ಹೆಂಡಿರ ವಿಷಯ, ನಾನೇನು ಮಾಡ್ಲಿ" ಅಂದರು. ಆ ಇಬ್ಬರು ಹೆಂಗಸರು ಅವರನ್ನು ಬಿಡಲಿಲ್ಲ. ಈಗ ಮ್ಯಾಜಿಸ್ಟ್ರೇಟರ ಮುಂದೆ ಹೋಗಬೇಕು. ಆಗಸ್ಟಿನಲ್ಲಿ. ಅಲ್ಲಿಯವರೆಗೆ ಅವನು ಹೊರಗೇ ಇರುತ್ತಾನೆ. ಎಲ್ಲಿದ್ದಾನೋ ಯಾರಿಗೂ ಗೊತ್ತಿಲ್ಲ. ಆ ದಿನ ಪೊಲೀಸಿನವರ ಎದುರು ಏಣಿ ಹತ್ತಿ ಬಂದವನು ಕೋಟು ಹಾಕಿಕೊಂಡು, ಗುಂಡಿ ಹಾಕಿ, ನನ್ನ ಕಡೆ ನೋಡಿ ಟೋಪಿ ಎತ್ತಿ ಹೋದ. ಅಂದಿನಿಂದ ನಾನು ಗೇಟುಮನೆಯಲ್ಲೇ ಮಲಗುತ್ತಿದ್ದೇನೆ. ಮಲಗುತ್ತೇನೆ ಅಂದರೆ ಕಣ್ಣು ಮುಚ್ಚುತ್ತೇನೆ ಎಂದಲ್ಲ.

ನಿನ್ನನ್ನು ಬೈಯುವುದಿಲ್ಲ ಅಂದಿದ್ದೆ. ಬೈಯುವುದಿಲ್ಲ.

ಎನಿಡ್

*

ಗ್ರಿಮ್ಸ್‌ಬಿ
ಜುಲೈ 27, 1936

ಎನಿಡ್,

ಕೋರ್ಟಿಗೆ ನಾನು ಬರುತ್ತೇನೆ. ಡಿಸೆಂಬರಿನಲ್ಲಿ ನಿನ್ನನ್ನು ನೋಡಿದವಳು ನಾನು. ನಿನ್ನ ಮುಖ, ನಿನ್ನ ಕೈ, ಎಲ್ಲ ಹೇಳುತ್ತೇನೆ. ಅವನಿಗೆ ದಾರಿ ತೋರಿಸಿದವಳೂ ನಾನೇ ಎಂದು ಹೇಳುತ್ತೇನೆ.

ವಾಲ್ಟರ್ ಬೇಡವೆನ್ನುತ್ತಾನೆ. ಊರಲ್ಲಿ ತಲೆಯೆತ್ತಿ ತಿರುಗುವ ಹಾಗಿಲ್ಲವಂತೆ. "ನಿನ್ನ ಊಟದ ಮೇಜಲ್ಲಿ ಎಂಟು ಭಾನುವಾರ ಕೂತು ತಿಂದವನು ನನ್ನ ತಂಗೀನ ಕೊಲ್ಲೋಕೆ ಹೋಗಿದ್ದ" ಅಂದೆ. ವಾಲ್ಟರ್ ಎದ್ದು ಹೋಗಿ ಆ ಬಟ್ಟೆ ಹಿಂಡುವ ಯಂತ್ರದ ಹಿಡಿಕೆ ಕಿತ್ತುಹಾಕಿದ.

ನನಗೂ ಭಯ ಎನಿಡ್. ನಮ್ಮ ಮನೆಯ ದಾರಿ ಅವನಿಗೆ ಗೊತ್ತು. ಮಕ್ಕಳು ಇನ್ನೂ ಅವನ ಹಾಡು ಹಾಡುತ್ತಾರೆ. ಬಾಯಿ ಮುಚ್ಚಿ ಎಂದು ಹೊಡೆದೂಬಿಟ್ಟೆ. ಆದರೂ ಬರುತ್ತೇನೆ.

ಹೆಸ್ಟರ್

*

ವಿದಿಕೋಟ್
ಆಗಸ್ಟ್ 20, 1936

ಅಕ್ಕಾ,

ನೀನು ಕ್ಷೇಮವಾಗಿ ಊರು ಸೇರಿದ್ದೀಯೆಂದು ನಂಬಿದ್ದೇನೆ.

ಕೋರ್ಟಿನಲ್ಲಿ ಅವನ ವಕೀಲ "ನಿಮ್ಮ ತಂಗಿ ಅಷ್ಟು ಹೆದರಿದ್ದರೆ ನೀವೇ ಯಾಕೆ ದಾರಿ ಹೇಳಿದಿರಿ?" ಎಂದಾಗ ನೀನು "ಅವಳನ್ನು ಬಿಟ್ಟು ಇವನನ್ನು ನಂಬಿದೆ" ಅಂದೆಯಲ್ಲ, ಆಗ ಮ್ಯಾಜಿಸ್ಟ್ರೇಟರು ತಲೆಯೆತ್ತಿ ನಿನ್ನನ್ನು ನೋಡಿದರು. ಆ ಮಾತಿನಿಂದಲೇ ನನಗೆ ಬೇರೆ ಇರುವ ಆದೇಶ ಸಿಕ್ಕಿತು ಎಂದು ಎಲ್ಲರೂ ಹೇಳುತ್ತಾರೆ. ಅವನು ನನ್ನ ಹತ್ತಿರ ಬರಬಾರದು, ಬಂದರೆ ಜೈಲು. ಕಾಗದದ ಮೇಲೆ ಹಾಗಿದೆ. ಕಾಗದ ಅವನನ್ನು ಎಷ್ಟು ದಿನ ತಡೆಯುತ್ತದೋ.

ಹೊರಗೆ ಬಂದ ಮೇಲೆ ನೀನು ತಬ್ಬಿಕೊಳ್ಳಲು ಬಂದೆ, ನಾನು ಹಿಂದೆ ಸರಿದೆ. ನಿನಗೆ ನೋವಾಯಿತು, ಕಂಡೆ. ನನಗೆ ನಿನ್ನ ಮೇಲೆ ದ್ವೇಷವಿಲ್ಲ. ಆದರೆ ನಿನ್ನ ಅಕ್ಷರ ಕಂಡರೆ ನನ್ನ ಕೈ ತಣ್ಣಗಾಗುತ್ತದೆ. ಲಕೋಟೆಯೊಳಗೆ ಏನಿದೆಯೋ, ಯಾರಿಗೆ ಏನು ಹೇಳಿ ಬಂದಿದ್ದೀಯೋ ಅನ್ನಿಸುತ್ತದೆ. ನಾನಾಗಿ ಬರೆಯುವವರೆಗೆ ನನಗೆ ಬರೆಯಬೇಡ.

ಎನಿಡ್

*

ವಿದಿಕೋಟ್
ಏಪ್ರಿಲ್ 9, 1937

ಪ್ರೀತಿಯ ಅಕ್ಕನಿಗೆ,

ನೀನು ಬರೆಯಲಿಲ್ಲ. ಕ್ರಿಸ್‌ಮಸ್ಸಿಗೂ ಬರೆಯಲಿಲ್ಲ. ನಾನು ಬೇಡವೆಂದದ್ದನ್ನು ನೀನು ಅಕ್ಷರಶಃ ನಡೆಸಿದೆ. ಟಪಾಲು ಬಂದಾಗಲೆಲ್ಲ ನಿನ್ನ ಅಕ್ಷರ ಇರಬಾರದೆಂದು ಬೇಡಿಕೊಳ್ಳುತ್ತಿದ್ದವಳು, ಯಾವಾಗಿನಿಂದಲೋ ಇರಲಿ ಎಂದು ಹುಡುಕಲು ಶುರುಮಾಡಿದ್ದೆ. ಅದು ಗಮನಕ್ಕೆ ಬಂದದ್ದು ಹೋದ ವಾರ.

ಚಳಿಗಾಲದಲ್ಲಿ ನದಿ ಉಕ್ಕಿ ದ್ವೀಪದ ಮೇಲೆ ಮೊಣಕಾಲುದ್ದ ನೀರು ನಿಂತಿತ್ತು. ನನ್ನ ಮನೆಯ ನೆಲ ಕೊಳೆತು ಹೊಸ ಹಲಗೆ ಹಾಕಬೇಕಾಯಿತು. ಮಿಸ್ಟರ್ ಟಕ್‌ವೆಲ್‌ಗೆ ಕೀಲುನೋವು, ಗೇಟಿನ ಅರ್ಧ ಕೆಲಸ ಈಗ ನನ್ನದೇ. ಮಿಸೆಸ್ ಟಕ್‌ವೆಲ್ ಮತ್ತೆ ಪಿಂಗಾಣಿ ಬಟ್ಟಲು ಕೊಡುತ್ತಿದ್ದಾರೆ, "ಒಡೆದ್ರೆ ನೋಡು" ಎಂದು ಹೆದರಿಸಿಯೇ ಕೊಡುತ್ತಾರೆ. ಲೆನರ್ಡ್ ಗ್ರಿಮ್ಸ್‌ಬಿ ಬಿಟ್ಟನೆಂದು ಪೊಲೀಸಿನವರಿಂದ ಕೇಳಿದೆ. ಎಲ್ಲಿಗೆಂದು ಅವರಿಗೂ ತಿಳಿಯದು. ಮೇಲಿನ ಗೇಟುಗಳವರು ಈಗ ಒಂಟಿ ಗಂಡಸು ದೋಣಿಯಲ್ಲಿ ಇಳಿದರೆ ಮೊದಲು ನನಗೇ ಫೋನು ಮಾಡುತ್ತಾರೆ. ಫೋನು ಗಂಟೆ ಹೊಡೆದರೆ ಎದೆ ಹಾರುತ್ತದೆ, ಹೊಡೆಯದಿದ್ದರೂ ಹಾರುತ್ತದೆ.

ಬೇಸಿಗೆಯಲ್ಲಿ ಬಾ ಅಕ್ಕಾ. ಮಕ್ಕಳನ್ನೂ ಕರೆದುಕೊಂಡು ಬಾ. ಅವರಿಗೆ ಗೇಟಿನ ಚಕ್ರ ತಿರುಗಿಸಲು ಕೊಡುತ್ತೇನೆ. ನಿನ್ನ ಹತ್ತಿರ ಕುಳಿತು ಮಾತಾಡಬೇಕು, ಮಗುವಿನ ಬಗ್ಗೆಯೂ ಮಾತಾಡಬೇಕು. ಇದುವರೆಗೆ ಯಾರ ಹತ್ತಿರವೂ ಆಡಿಲ್ಲ.

ಬರುವ ದಿನ, ರೈಲು, ಎಲ್ಲ ಮುಂಚೆಯೇ ಬರೆದು ತಿಳಿಸು. ನನ್ನನ್ನು ಅಚ್ಚರಿಗೊಳಿಸಬೇಕೆಂದು ಹೇಳದೆ ಬಂದು ಬಾಗಿಲು ಬಡಿಯಬೇಡ. ನಾನು ತೆಗೆಯುವುದಿಲ್ಲ. ಹೊರಗಿನಿಂದ ನೀನೇ ಕೂಗಿದರೂ, ನಿನ್ನ ಜೊತೆ ಯಾರಿದ್ದಾರೋ ಎಂದು ನೋಡದೆ ತೆಗೆಯುವುದಿಲ್ಲ.

ನಿನ್ನ
ಎನಿಡ್